ಷಡ್ಡಕನ ಸರದಿಯ ಮೀನು

ಮುಖ್ಯರಸ್ತೆಯ ತಿರುವಿನಲ್ಲಿರುವ ಕನ್ನಡಕದ ಅಂಗಡಿಯ ಮಾಲೀಕರು ಡಾಕ್ಟರಲ್ಲ. ಆದರೂ ಬಿಳಿಕೋಟು ಹಾಕುತ್ತಾರೆ. ಗಿರಾಕಿಯನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಮೂಗಿನ ಮೇಲೆ ಲೋಹದ ಚೌಕಟ್ಟು ಏರಿಸಿ, ಅದರಲ್ಲಿ ಒಂದೊಂದೇ ಗಾಜು ಬದಲಿಸುತ್ತಾ, “ಈಗ ಚೆನ್ನಾಗಿದೆಯೋ, ಆಗ ಚೆನ್ನಾಗಿತ್ತೋ?” ಎಂದು ಕೇಳುವಾಗ ಅವರ ದನಿಯಲ್ಲಿ ಆಪರೇಷನ್ ಥಿಯೇಟರಿನ ಗಾಂಭೀರ್ಯ ಬಂದುಬಿಡುತ್ತದೆ. “ಎರಡೂ ಒಂದೇ ಥರ ಕಾಣ್ತವಲ್ಲ ಸಾರ್” ಎಂದು ಯಾರಾದರೂ ಅಂದರೆ ಅವರಿಗೆ ಮೈಯೆಲ್ಲ ಉರಿಯುತ್ತದೆ. ಎರಡು ವಸ್ತುಗಳು ಒಂದೇ ಥರ ಇರಲು ಸಾಧ್ಯವೇ ಇಲ್ಲ, ಒಂದು ಹೆಚ್ಚು, ಇನ್ನೊಂದು ಕಮ್ಮಿ ಇರಲೇಬೇಕು ಎನ್ನುವುದು ಅವರ ದೃಢವಾದ ನಂಬಿಕೆ. ಈ ನಂಬಿಕೆಯನ್ನು ಗಾಜುಗಳಿಗಷ್ಟೇ ಇಟ್ಟುಕೊಂಡಿದ್ದರೆ ಅವರು ಸುಖವಾಗಿರುತ್ತಿದ್ದರು. ಆದರೆ ಅದನ್ನು ಷಡ್ಡಕನಿಗೂ ಹಚ್ಚಿದರು.

ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ಅದೇ ರಸ್ತೆಯಲ್ಲಿ ಅವನದು ಹಾಸಿಗೆ-ದಿಂಬಿನ ಅಂಗಡಿ. ಮಧ್ಯಾಹ್ನದ ಹೊತ್ತು ಗಾಜಿನ ಕಿಟಕಿಯ ಪಕ್ಕದ ಹಾಸಿಗೆಯ ಮೇಲೆ ಅವನೇ ಬಾಯಿ ತೆರೆದು ಮಲಗಿರುತ್ತಾನೆ. ದಾರಿಯಲ್ಲಿ ಹೋಗುವವರು ಅದನ್ನು ನೋಡಿ, ಇಂಥ ನಿದ್ದೆ ತಮಗೂ ಬೇಕೆಂದು ಒಳಗೆ ನುಗ್ಗುತ್ತಾರೆ. ಬಿಳಿಕೋಟು ಹಾಕಿಕೊಂಡು ಬೆನ್ನು ಸೆಟೆಸಿ ನಿಂತವರ ಅಂಗಡಿಗಿಂತ ಗೊರಕೆ ಹೊಡೆಯುವವನ ಅಂಗಡಿಯಲ್ಲಿ ವ್ಯಾಪಾರ ಜೋರು! ಇದೇ ಒಂದು ನೋವು. ಅತ್ತೆಗೆ ಚಿಕ್ಕ ಅಳಿಯನೆಂದರೆ ಪ್ರಾಣ ಎನ್ನುವುದು ಇನ್ನೊಂದು. ಆದರೆ ಇವೆಲ್ಲ ಸಣ್ಣಪುಟ್ಟವು. ದೊಡ್ಡ ನೋವಿಗೆ ಕಾರಣವಾದದ್ದು ಹಾಯಿಮೀನು.

ಬೆನ್ನ ಮೇಲೆ ದೋಣಿಯ ಹಾಯಿಯಂಥ ದೊಡ್ಡ ರೆಕ್ಕೆ, ಮುಖದ ಮುಂದೆ ಈಟಿಯಂಥ ಉದ್ದ ಮೂತಿ, ಮನುಷ್ಯನಿಗಿಂತ ಉದ್ದದ ದೇಹ, ಅದು ಹಾಯಿಮೀನು. ಕನ್ನಡಕದವರು ಎಷ್ಟೋ ವರ್ಷಗಳಿಂದ ಭಾನುವಾರ ಬಿಡದೆ ಅದರ ಬೆನ್ನು ಹತ್ತಿದ್ದಾರೆ. ಬಂದರಿನಲ್ಲಿ ಎಂಜಿನ್ ದೋಣಿ ಓಡಿಸುವ ಹೆಂಗಸೊಬ್ಬಳಿದ್ದಾಳೆ. ಅವಳ ಅಪ್ಪನ ವಯಸ್ಸಿನವರೂ ಅವಳನ್ನು ದೋಣಿಯಕ್ಕ ಎಂದೇ ಕರೆಯುತ್ತಾರೆ. ಅವಳ ದೋಣಿಯಲ್ಲಿ ನಿಂತು ಬಣ್ಣ ಬಳಿದ ಮರದ ಮೀನನ್ನು ಗಾಳದ ಕೋಲಿನಿಂದ ದೂರಕ್ಕೆ ಬೀಸಿ ಎಸೆದು, ನೀರಿನ ಮೇಲೆ ಕುಣಿಸುತ್ತಾ ಎಳೆಯುವುದು ಅವರ ಕ್ರಮ. ಹಿಡಿದ ಮೀನನ್ನು ಮನೆಗೆ ತರುವಂತಿಲ್ಲ. ದೋಣಿಯ ಪಕ್ಕದಲ್ಲೇ ಫೋಟೋ ತೆಗೆದು ನೀರಿಗೆ ಬಿಡಬೇಕೆನ್ನುವುದು ದೋಣಿಯಕ್ಕನ ಕಟ್ಟಪ್ಪಣೆ. ಕನ್ನಡಕದವರಿಗೆ ಇದರಿಂದ ಏನೂ ತೊಂದರೆಯಾಗಿರಲಿಲ್ಲ. ಬಿಡಬೇಕಾದರೆ ಮೊದಲು ಸಿಗಬೇಕಲ್ಲ!

ಹಾಯಿಮೀನಿನ ಬಾಯಿ ಕಲ್ಲಿನಂತೆ ಗಟ್ಟಿ. ಎಷ್ಟೋ ಸಲ ಬಂತು, ಮರದ ಮೀನನ್ನು ಕಚ್ಚಿತು, ಗಾಳಿಗೆ ಹಾರಿತು, ತಲೆ ಒದರಿ ಕೊಕ್ಕೆ ಉಗಿದು ಹೋಯಿತು. “ಹೋಯ್ತು!” ಎನ್ನುವ ಶಬ್ದವನ್ನು ಕನ್ನಡಕದವರು ಎಷ್ಟು ಬಗೆಯಲ್ಲಿ ಹೇಳಬಲ್ಲರೆಂದರೆ, ಕಿನಾರೆಯಲ್ಲಿ ಅದನ್ನು ಅಣಕಿಸಿ ನಗುವವರೇ ಇದ್ದಾರೆ.

ಕಳೆದ ವರ್ಷ ಒಂದು ಭಾನುವಾರ, ಜೊತೆಗೆ ಬರಬೇಕಾದವರು ಕೈಕೊಟ್ಟರೆಂದು ಷಡ್ಡಕನನ್ನು ಕರೆದುಕೊಂಡು ಹೋದರು. ತಮ್ಮ ಪರಿಣತಿ ಮನೆಯವರ ಪೈಕಿ ಒಬ್ಬನಾದರೂ ನೋಡಲಿ ಎನ್ನುವ ಆಸೆಯೂ ಇತ್ತು. ಅವನು ದೋಣಿಯ ಮುಂಭಾಗದಲ್ಲಿ ಟೋಪಿ ಮುಖದ ಮೇಲೆ ಹಾಕಿಕೊಂಡು ಮಲಗಿದ. ಕನ್ನಡಕದವರ ತೋಳು ಸೋತಾಗ, “ಒಂದೇ ಒಂದು ಸಲ ಎಸೀಲಾ ಅಣ್ಣ?” ಎಂದು ಕಣ್ಣುಜ್ಜಿಕೊಂಡು ಎದ್ದ. ಕೋಲನ್ನು ಪೊರಕೆ ಹಿಡಿದಂತೆ ಹಿಡಿದು ಎಸೆದ. ಮರದ ಮೀನು ದೋಣಿಯ ಹತ್ತಿರವೇ ಪಚಕ್ಕನೆ ಬಿತ್ತು. ಅಲ್ಲೇ ಇತ್ತು ಮೀನು!

ಆ ಫೋಟೋ ಈಗ ಮಾವನ ಮನೆಯ ಹಜಾರದಲ್ಲಿ, ಟಿ.ವಿ.ಯ ಮೇಲುಗಡೆ, ಚೌಕಟ್ಟಿನಲ್ಲಿದೆ. ಮೀನಿನ ಮೂತಿ ಹಿಡಿದು ಷಡ್ಡಕ ನಗುತ್ತಿದ್ದಾನೆ. ಎಡಗಡೆಯ ಅಂಚಿನಲ್ಲಿ ಒಂದು ಮೊಣಕೈ ಕಾಣುತ್ತದೆ. ಮೀನಿನ ಬಾಲ ಹಿಡಿದ ಆ ಮೊಣಕೈ ಕನ್ನಡಕದವರದು. ಮನೆಗೆ ಬಂದ ಪ್ರತಿಯೊಬ್ಬರೂ ಫೋಟೋ ನೋಡಿ, “ಅಬ್ಬಾ!” ಎಂದು, ಆಮೇಲೆ ಹಿರಿಯ ಅಳಿಯನ ಕಡೆ ತಿರುಗಿ, “ನೀವೂ ಹೋಗ್ತೀರಂತಲ್ಲ, ನಿಮಗಿನ್ನೂ ಸಿಕ್ಕಿಲ್ವಾ?” ಎಂದು ಕೇಳುತ್ತಿದ್ದರು. ಆ ಗೋಡೆಯ ಮೇಲೆ ತಮ್ಮದೊಂದು ಫೋಟೋ ನೇತಾಡಬೇಕು. ಅಷ್ಟಾದರೆ ಬದುಕಿನಲ್ಲಿ ಇನ್ನೇನೂ ಬೇಡ ಎನ್ನುವ ಸ್ಥಿತಿಗೆ ಕನ್ನಡಕದವರು ಬಂದರು.

“ಒಂದು ಮೀನಿಗೆ ಇಷ್ಟೊಂದು ಹೊಟ್ಟೆ ಉರಿಸ್ಕೋಬೇಕಾ?” ಎಂದರು ಅವರ ಹೆಂಡತಿ.

“ನನಗ್ಯಾಕೆ ಹೊಟ್ಟೆ ಉರಿ? ಅವನಿಗೆ ಎಸೆಯೋಕೆ ಬರಲ್ಲ ಅಂದೆ, ಅಷ್ಟೆ. ಅದು ತಾಂತ್ರಿಕ ವಿಚಾರ.”

“ಆ ತಾಂತ್ರಿಕ ವಿಚಾರಾನ ನಿದ್ದೆಯಲ್ಲೂ ಹೇಳ್ತೀರಲ್ಲ, ಅದಕ್ಕೆ ಕೇಳಿದೆ.”

ಅಂದಿನಿಂದ ಷಡ್ಡಕನೂ ಭಾನುವಾರ ತಪ್ಪದೆ ಬರತೊಡಗಿದ. ಬೇಡ ಅನ್ನಲು ಕಾರಣ ಹೇಳಬೇಕಾಗುತ್ತದೆ, ಕಾರಣ ಹೇಳುವಂಥದ್ದಲ್ಲ. ಹಾಗಾಗಿ ಇಬ್ಬರೂ ಸರದಿ ಮಾಡಿಕೊಂಡರು. ಒಬ್ಬ ಕೋಲು ಹಿಡಿದು ನಿಲ್ಲಬೇಕು. ಇನ್ನೊಬ್ಬ ದೋಣಿಯ ಹಿಂದೆ ದಪ್ಪ ದಾರದಲ್ಲಿ ಒಂದು ಪ್ಲಾಸ್ಟಿಕ್ ಮೀನನ್ನು ಕೈಯಿಂದ ಎಳೆಯುತ್ತಿರಬೇಕು. ಅದಕ್ಕೆ ಕೊಕ್ಕೆ ಇಲ್ಲ. ದೋಣಿಯಕ್ಕ ಅದನ್ನು ‘ಆಸೆ’ ಎನ್ನುತ್ತಾಳೆ. ಹಾಯಿಮೀನು ಆ ಆಸೆಯ ಹಿಂದೆ ಬಿದ್ದು, ಸಿಗದೆ ರೇಗಿ, ಮೈಮೇಲೆ ನೀಲಿ ಪಟ್ಟೆ ಮೂಡಿಸಿಕೊಂಡು ದೋಣಿಯ ಹತ್ತಿರ ಬಂದಾಗ ಅವಳು “ಎತ್ತಿ!” ಎಂದು ಕೂಗುತ್ತಾಳೆ. ಆಸೆಯನ್ನು ಥಟ್ಟನೆ ನೀರಿನಿಂದ ಎತ್ತಿಬಿಡಬೇಕು. ಅದೇ ಜಾಗಕ್ಕೆ ಇನ್ನೊಬ್ಬ ಕೊಕ್ಕೆಯಿರುವ ಮರದ ಮೀನು ಎಸೆಯಬೇಕು. ಕೆರಳಿದ ಮೀನು ಹಿಂದುಮುಂದು ನೋಡದೆ ಅದಕ್ಕೆ ಬಾಯಿ ಹಾಕುತ್ತದೆ. ಬಾಯಿ ಹಾಕಿತೆಂದರೆ ಸಿಕ್ಕರೂ ಬಿಟ್ಟರೂ ಎಸೆದವನ ಸರದಿ ಮುಗಿಯಿತು. ಅಂದರೆ ಅರ್ಧ ದಿನ ನಾವು ಇನ್ನೊಬ್ಬನಿಗಾಗಿ ಮೀನನ್ನು ಪುಸಲಾಯಿಸಿ ಕರೆತರಬೇಕು. ಹೊಟ್ಟೆಕಿಚ್ಚಿನವರಿಗೆ ಇದಕ್ಕಿಂತ ಕಠಿಣವಾದ ಕೆಲಸವನ್ನು ಯಾವ ಶತ್ರುವೂ ಹುಡುಕಲಾರ.

ಈ ವರ್ಷ ಮೀನಿನ ಕಾಲ ಶುರುವಾದ ಮೇಲೆ, ಒಂದು ಭಾನುವಾರ ಸಮುದ್ರ ಎಣ್ಣೆ ಹಚ್ಚಿದ ಹಾಗೆ ನುಣ್ಣಗಿತ್ತು. ದೂರದಲ್ಲಿ ಹಕ್ಕಿಗಳ ಗುಂಪು ನೀರಿಗೆ ಧುಮುಕುತ್ತಿತ್ತು. ದೋಣಿಯಕ್ಕ ಅತ್ತ ತಿರುಗಿಸಿದಳು. ಮೊದಲ ಸರದಿ ಕನ್ನಡಕದವರದು. ಷಡ್ಡಕ ಆಸೆ ಎಳೆದ. ಮೀನು ಬಂತು. “ಎತ್ತಿ!” ಎಂದಾಗ ಅವನು ಎಷ್ಟು ಚೊಕ್ಕವಾಗಿ ಎತ್ತಿದನೆಂದರೆ ಅದನ್ನು ನೋಡಿಯೂ ಕನ್ನಡಕದವರಿಗೆ ಒಂಚೂರು ಸಂಕಟವಾಯಿತು. ಎಸೆದರು. ಕಚ್ಚಿತು. ಹಾರಿತು. ತಲೆ ಒದರಿತು.

“ಹೋಯ್ತು!”

“ಛೆ, ಎಂಥಾ ಮೀನು ಅಣ್ಣ! ನನ್ನದಕ್ಕಿಂತ ದೊಡ್ಡದು” ಎಂದ ಷಡ್ಡಕ.

ಸಮಾಧಾನಕ್ಕೆ ಹೇಳಿದ ಮಾತು. ಅದರಲ್ಲಿದ್ದ ‘ನನ್ನದು’ ಎನ್ನುವ ಶಬ್ದ ಕನ್ನಡಕದವರ ಗಂಟಲಲ್ಲಿ ಮುಳ್ಳಾಯಿತು.

ಈಗ ಷಡ್ಡಕನ ಸರದಿ. ಕನ್ನಡಕದವರು ಕೈಗೆ ಚರ್ಮದ ಗವಸು ಹಾಕಿ ಆಸೆ ಎಳೆಯುತ್ತಾ ಕೂತರು. ತಮ್ಮ ಅಂಗಡಿಯಲ್ಲೇ ತಯಾರಿಸಿಕೊಂಡ, ನೀರಿನ ಹೊಳಪು ತಡೆಯುವ ಕನ್ನಡಕ ಹಾಕಿದ್ದರಿಂದ ಎಲ್ಲರಿಗಿಂತ ಮೊದಲು ಅವರಿಗೇ ಕಂಡಿತು: ಆಳದಿಂದ ಏಳುತ್ತಿರುವ ಕಂದು ನೆರಳು. ಅದು ನಿಜಕ್ಕೂ ದೊಡ್ಡದು. ಗೋಡೆಯ ಮೇಲಿನ ಫೋಟೋದ ಮೀನು ಇದರ ಮುಂದೆ ಮರಿ. ಅತ್ತೆ ಇನ್ನೊಂದು ಚೌಕಟ್ಟು ತರಿಸುವುದು, ಅದಕ್ಕೆ ಮೊಳೆ ಹೊಡೆಯಲು ತಮ್ಮನ್ನೇ ಸ್ಟೂಲು ಹತ್ತಿಸುವುದು, ಎಲ್ಲವೂ ಕನ್ನಡಕದವರ ಕಣ್ಣಿಗೆ ಕಟ್ಟಿತು.

ನೆರಳಿಗೆ ನೀಲಿ ಪಟ್ಟೆ ಮೂಡಿತು. ಹಾಯಿ ನೀರು ಸೀಳಿ ಮೇಲೆದ್ದಿತು.

“ಎತ್ತಿ!” ಎಂದಳು ದೋಣಿಯಕ್ಕ.

ಕನ್ನಡಕದವರು ಎತ್ತಲಿಲ್ಲ.

“ಎತ್ರೀ ಕನ್ನಡಕದೋರೇ! ಕಿವಿ ಕೇಳ್ಸಲ್ವಾ?”

ಕಿವಿ ಚೆನ್ನಾಗಿಯೇ ಕೇಳಿಸುತ್ತಿತ್ತು. ಎತ್ತದೇ ಇದ್ದರೆ ಮೀನು ಪ್ಲಾಸ್ಟಿಕ್ ಅಗಿದು, ರುಚಿಯಿಲ್ಲವೆಂದು ಉಗಿದು, ತನ್ನ ದಾರಿ ಹಿಡಿಯುತ್ತದೆ; ಸಿಗುವುದು ನನಗೂ ಬೇಡ, ಅವನಿಗೂ ಬೇಡ ಎಂದು ಅವರ ಲೆಕ್ಕ. ಮೀನು ಈಟಿಮೂತಿಯಿಂದ ಆಸೆಗೆ ಅಡ್ಡಡ್ಡ ಬಾರಿಸಿತು. ಎಳೆಯುವುದನ್ನು ನಿಲ್ಲಿಸಿದ್ದರಿಂದ ದಾರ ಸಡಿಲವಾಗಿತ್ತು. ಸಡಿಲವಾದ ದಾರ ಆ ಮೂತಿಗೆ ಒಂದು ಸುತ್ತು ಬಂತು, ಎರಡು ಸುತ್ತು ಬಂತು. ಮೀನು ಗಾಬರಿಯಾಗಿ ತಿರುಗಿದ್ದೇ ತಡ, ಸುತ್ತು ಬಿಗಿಯಿತು. ಕಡಲಿನ ಅತಿ ವೇಗದ ಪ್ರಾಣಿಗಳಲ್ಲೊಂದು ಮತ್ತು ಕನ್ನಡಕದ ಅಂಗಡಿಯ ಮಾಲೀಕರು ಒಂದೇ ದಾರದ ಎರಡು ತುದಿಗಳಲ್ಲಿ ಉಳಿದರು.

ಮೀನು ಹಾರಿತು. ಕನ್ನಡಕದವರು ಹಲಗೆಯಿಂದ ಎದ್ದು ದೋಣಿಯ ಅಂಚಿನವರೆಗೆ ಹೋದರು. ಇನ್ನೊಂದು ಗಳಿಗೆಯಲ್ಲಿ ನೀರಿಗೂ ಹೋಗುತ್ತಿದ್ದರು. ಅಷ್ಟರಲ್ಲಿ ಯಾರೋ ಸೊಂಟ ತಬ್ಬಿ ಹಿಡಿದರು. ಷಡ್ಡಕ! ಕೋಲನ್ನು ಬಿಸಾಕಿ ಬಂದಿದ್ದ.

“ಬಿಡ್ಬೇಡಿ ಅಣ್ಣ! ನಾನು ಹಿಡ್ಕೊಂಡಿದೀನಿ! ಬಿಡ್ಬೇಡಿ!”

“ಬಿಡೋಕೆ... ಆಗ್ತಾ... ಇಲ್ಲ ಕಣೋ!”

ಅದು ಸತ್ಯ. ದಾರ ಗವಸಿಗೂ ಸುತ್ತಿಕೊಂಡಿತ್ತು. ದೋಣಿಯಕ್ಕ ಬೈಯುತ್ತಲೇ ಮೀನು ಹೋದತ್ತ ದೋಣಿ ಓಡಿಸಿದಳು. ಇಬ್ಬರು ಮಧ್ಯವಯಸ್ಸಿನ ಅಂಗಡಿಯವರು ಒಬ್ಬರ ಹಿಂದೊಬ್ಬರು ತಬ್ಬಿಕೊಂಡು ಅತ್ತಿಂದಿತ್ತ ಜೋಲಿ ಹೊಡೆಯುತ್ತಾ ಬಹಳ ಹೊತ್ತು ಹೋರಾಡಿದರು. ಕೊನೆಗೆ ಮೀನು ಸುಸ್ತಾಗಿ ಪಕ್ಕಕ್ಕೆ ಬಂತು. ಅದಕ್ಕಿಂತ ಹೆಚ್ಚು ಸುಸ್ತಾದ ಕನ್ನಡಕದವರು ಅದರ ಒರಟು ಮೂತಿ ಹಿಡಿದುಕೊಂಡರು. ಷಡ್ಡಕ ಮೊಬೈಲು ತೆಗೆದು ಫೋಟೋ ಮೇಲೆ ಫೋಟೋ ಹೊಡೆದ. “ನಗ್ರೀ ಅಣ್ಣ, ನಗ್ರೀ! ನಿಮ್ಮ ಮೀನು!” ಅವನ ಕಣ್ಣಲ್ಲಿ ನೀರೇ ಬಂದಿತ್ತು. ದಾರ ಬಿಡಿಸಿ, ಮೂತಿ ಹಿಡಿದುಕೊಂಡೇ ದೋಣಿಯನ್ನು ನಿಧಾನವಾಗಿ ಓಡಿಸಿದಾಗ ಕಿವಿರಿಗೆ ನೀರು ನುಗ್ಗಿ ಮೀನಿಗೆ ಜೀವ ಬಂತು. ಬಾಲ ಬಡಿದು ಹೋಯಿತು.

ದೋಣಿಯಕ್ಕ ಮಾತ್ರ ಕನ್ನಡಕದವರನ್ನೇ ನೋಡುತ್ತಿದ್ದಳು. “ಕಿವಿ ಪರೀಕ್ಷೆ ಮಾಡೋ ಅಂಗಡೀನೂ ಇರುತ್ತೆ ಕಣ್ರೀ. ಒಂದ್ಸಲ ಹೋಗಿ ಬನ್ನಿ” ಎಂದಳು.

ಸಂಜೆ ಮಾವನ ಮನೆಯಲ್ಲಿ ಎಲ್ಲರೂ ಚಹಾಕ್ಕೆ ಸೇರಿದರು. ಕನ್ನಡಕದವರು ದಾರಿಯುದ್ದಕ್ಕೂ ಕಥೆಯನ್ನು ಮನಸ್ಸಿನಲ್ಲೇ ತಿದ್ದಿ ತೀಡಿ ಇಟ್ಟುಕೊಂಡಿದ್ದರು. ‘ಎತ್ತಿ’ ಎನ್ನುವ ಮಾತು ಅದರಲ್ಲಿರಲಿಲ್ಲ. ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಷಡ್ಡಕ ಶುರು ಮಾಡಿಯೇಬಿಟ್ಟಿದ್ದ. ಎದ್ದು ನಿಂತು, ಸೋಫಾವನ್ನೇ ದೋಣಿ ಮಾಡಿ, ಬೆಡ್‌ಶೀಟಿನಿಂದ ಹಾಯಿ ಮಾಡಿ ಹೇಳಿದ. ಅತ್ತೆ ಚಹಾ ಸೋಸುವುದನ್ನು ಮರೆತು ನಿಂತರು. ಮಾವ ಟಿ.ವಿ. ಆರಿಸಿದರು. ಟಿ.ವಿ. ಆ ಮನೆಯಲ್ಲಿ ಆರಿದ್ದನ್ನು ಯಾರೂ ನೋಡಿರಲಿಲ್ಲ.

“ಕೊಕ್ಕೆನೇ ಇಲ್ಲ ಅತ್ತೆ! ಬರೀ ದಾರ! ಇಡೀ ಬಂದರಿನಲ್ಲಿ ಹೀಗೆ ಹಿಡಿದವರು ಯಾರೂ ಇಲ್ಲ!”

ಕನ್ನಡಕದವರ ಎದೆ ಉಬ್ಬಿತು. ಮೀನು ಹಿಡಿದ ಕಥೆಯನ್ನು ತಾವು ಹೇಳಿದ್ದರೆ ಇದರ ಅರ್ಧವೂ ರಂಗೇರುತ್ತಿರಲಿಲ್ಲ ಎಂದು ಹೊಳೆದು ಉಬ್ಬಿದ ಎದೆ ಸ್ವಲ್ಪ ಇಳಿಯಿತು.

“ಸರದಿ ಯಾರದಿತ್ತು?” ಎಂದರು ಮಾವ.

“ನನ್ನದೇ ಇತ್ತು ಮಾವ. ಹೋಗ್ಲಿ ಬಿಡಿ.”

ಅತ್ತೆಯ ಕೈ ಕೆನ್ನೆಗೆ ಹೋಯಿತು. “ನಿನ್ನ ಸರದೀನ ಬಿಟ್ಟುಕೊಟ್ಯಾ? ಎಷ್ಟು ದೊಡ್ಡ ಮನಸ್ಸಪ್ಪಾ ನಿಂದು!”

ನಾದಿನಿ ಗಂಡನನ್ನು ಹೆಮ್ಮೆಯಿಂದ ನೋಡಿದಳು. ಮಾವ ಅವನ ಬೆನ್ನು ತಟ್ಟಿದರು. ಮೊಬೈಲಿನಲ್ಲಿದ್ದ ಫೋಟೋವನ್ನು ಆಮೇಲೆ ನೋಡಿದರಾಯಿತೆಂದು ಯಾರೋ ಮೇಜಿನ ಮೇಲೆ ಕವುಚಿ ಇಟ್ಟರು. ಮೀನು ಹಿಡಿದವರು ಒಬ್ಬರು, ಮೆರೆಯುತ್ತಿರುವವನು ಇನ್ನೊಬ್ಬ! ಕನ್ನಡಕದವರಿಗೆ ತಡೆಯಲಾಗಲಿಲ್ಲ.

“ಬಿಟ್ಟುಕೊಡೋಕೆ ಅವನ್ಯಾರು?” ಎಂದು ಕೂಗಿ ಎದ್ದರು. “ನಾನು ಕಿತ್ಕೊಂಡದ್ದು! ಎತ್ತಿ ಎತ್ತಿ ಅಂತ ಅವಳು ಬಡ್ಕೊಂಡ್ಳು, ಬೇಕೂ ಅಂತ ನಾನು ಎತ್ತಲಿಲ್ಲ! ಇವನಿಗೆ ಸಿಗಬಾರದು ಅಂತ ಎತ್ತಲಿಲ್ಲ! ದೊಡ್ಡ ಮನಸ್ಸಂತೆ, ದೊಡ್ಡ ಮನಸ್ಸು!”

ಹೆಂಡತಿ ಹಣೆ ಒತ್ತಿಕೊಂಡರು. ಷಡ್ಡಕ ಬೆಡ್‌ಶೀಟನ್ನು ನಿಧಾನವಾಗಿ ಮಡಚುತ್ತಾ, ತಗ್ಗಿದ ದನಿಯಲ್ಲಿ ಅಂದ:

“ನನಗೆ ಗೊತ್ತಿತ್ತು ಅಣ್ಣ. ಪಕ್ಕದಲ್ಲೇ ನಿಂತಿದ್ನಲ್ಲ. ನಿಮಗೂ ಒಂದು ಸಿಗಲಿ ಅಂತ ನನಗೂ ಇತ್ತು.”

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಗೊತ್ತಿದ್ದೂ ಒಂದು ಮಾತು ಆಡಲಿಲ್ಲ ನೋಡಿ ಈ ಹುಡುಗ!” ಎಂದರು. ಹುಡುಗನಿಗೆ ನಲವತ್ತೇಳು ದಾಟಿತ್ತು.

ಗಂಡ ಹೆಂಡತಿ ಮನೆಗೆ ನಡೆದು ಹೊರಟರು. ಬೀಗ ಹಾಕಿದ ಅಂಗಡಿಗಳ ಸಾಲು ದಾಟಿದ ಮೇಲೆ ಹೆಂಡತಿಯೇ ಮಾತು ತೆಗೆದರು.

“ಮುಂದಿನ ಭಾನುವಾರ ಹೋಗ್ತೀರೋ, ಇಲ್ಲಿಗೆ ಸಾಕೋ?”

“ಹೋಗ್ಲೇಬೇಕಲ್ಲ. ಅವನ ಸರದಿ ಬಾಕಿ ಇದೆ.”

“ಆಸೆ ಎಳೆಯೋರು ಯಾರು?”

“ಇನ್ಯಾರು? ನಾನೇ.” ಅವರು ನಿಂತು, ದಾರ ಕೊಯ್ದು ಕೆಂಪಾದ ಅಂಗೈಯನ್ನು ಊದಿಕೊಂಡರು. “ಈ ಸಲ ಹೇಳಿದ ತಕ್ಷಣ ಎತ್ತಿಬಿಡ್ತೀನಿ. ಇಲ್ಲಾಂದ್ರೆ ಆ ಪಾಪಿ ಅದನ್ನೂ ಕ್ಷಮಿಸಿಬಿಡ್ತಾನೆ.”