ತೋಳಿಗೆ ಕಟ್ಟಿದ ದಾರ

ನನ್ನ ಗಂಡನಿಗೆ ಲಿವರ್ ಕೆಟ್ಟಿದೆ ಎಂದು ಆದೋನಿಯ ಡಾಕ್ಟರು ಹೇಳಿದ ದಿನದಿಂದ ಅತ್ತೆ ಅಡಿಗೆಮನೆಯನ್ನು ತಮ್ಮ ಕೈಗೆ ತಗೊಂಡರು. ಕಾಮಾಲೆಯವರಿಗೆ ಕೊಡುವ ಪಥ್ಯವೇ ಇವರಿಗೂ: ಗಂಜಿ, ನೀರು ಮಜ್ಜಿಗೆ. ಬೇಳೆ ಬೇಡ, ಎಣ್ಣೆ ಬೇಡ, ಮೊಟ್ಟೆಯ ಹೆಸರೆತ್ತುವಂತಿಲ್ಲ. ಕುಡಿಯದ ಮನುಷ್ಯ ಇವರು. ಆದರೂ ನೋಡಲು ಬಂದವರೆಲ್ಲ ಮೊದಲು ಕೇಳುತ್ತಿದ್ದದ್ದು ಅದನ್ನೇ.

ಆಲೂರಿನಿಂದ ಅತ್ತೆಯ ತಂಗಿ ಬಂದರು. ಇವರ ಹೊಟ್ಟೆ ನೋಡಿ ನಕ್ಕರು.

"ಏನಕ್ಕಾ, ಪಥ್ಯದಾಗೇ ದಪ್ಪ ಆಗ್ಯಾನಲ್ಲ ನಿನ್ನ ಮಗ!"

"ತೂಕ ಸೈತ ಏರೈತಿ," ಅತ್ತೆಗೆ ಹೆಮ್ಮೆ.

ಅದು ಹೊಟ್ಟೆಯಲ್ಲಿ ತುಂಬಿದ ನೀರು ಎಂದೆ. "ಕಾನ್ವೆಂಟಿನಾಗ ಡಾಕ್ಟರಿಕಿ ಸೈತ ಕಲಿಸಿದ್ರೇನವಾ?" ಎಂದರು ಅತ್ತೆ. ಇವರೂ ನಕ್ಕರು. ಆ ನಗು ನನಗೆ ಇನ್ನೂ ಚುಚ್ಚುತ್ತದೆ.

ಅತ್ತೆ ಇವರ ತೋಳಿಗೆ ಮಂತ್ರಿಸಿದ ಕರಿ ದಾರ ಕಟ್ಟಿದ್ದರು. ಅದು ಆಗಾಗ ಮೊಣಕೈಗೆ ಜಾರುತ್ತಿತ್ತು. "ದಾರ ಹಿಗ್ಗೈತಿ" ಎನ್ನುತ್ತ ಅವರು ಬಿಗಿ ಮಾಡಿ ಹೊಸ ಗಂಟು ಹಾಕುತ್ತಿದ್ದರು. ಹಳೇ ಗಂಟಿನ ಸುಕ್ಕು ದಾರದಲ್ಲಿ ಹಾಗೇ ಉಳಿಯುತ್ತಿತ್ತು. ದಾರ ಎಷ್ಟಂತ ಹಿಗ್ಗೀತು?

ಮುಂದಿನ ಸಲ ಆಸ್ಪತ್ರೆಗೆ ಹೋದಾಗ ಡಾಕ್ಟರಮ್ಮ ತೂಕ ನೋಡಿದರು. ದಾರ ಸರಿಸಿ, ಅದೇ ಜಾಗಕ್ಕೆ ಟೇಪು ಸುತ್ತಿದರು. ಕಣ್ಣ ಪಕ್ಕದ ಗುಳಿ, ಹೆಗಲ ಮೂಳೆ ಮುಟ್ಟಿ ನೋಡಿದರು. ತಮ್ಮ ಬೆರಳು ಕೊಟ್ಟು, "ಗಟ್ಟಿ ಹಿಡೀರಿ" ಎಂದರು. ಇವರು ಹಿಡಿದರು. ಬೆರಳು ಸಲೀಸಾಗಿ ಹೊರಗೆ ಬಂದವು.

"ಏರಿರೋ ತೂಕ ನೀರಿನದಮ್ಮಾ. ಒಳಗ ಮಾಂಸ ಕರಗ್ತಾ ಐತಿ. ಉಪ್ಪು ಕಡಿಮಿ ಮಾಡ್ರಿ, ಊಟ ಅಲ್ಲ. ಬೇಳೆ, ಮೊಟ್ಟೆ, ಹಾಲು ಕೊಡ್ರಿ. ಮಲಗೋ ಮುಂಚೆ ಏನಾರ ತಿನ್ನಲಿ."

ಮನೆಗೆ ಬಂದು ಬೇಳೆ ಬೇಯಿಸಿ ಬಡಿಸಿದೆ. ಅತ್ತೆ ಬಟ್ಟಲನ್ನು ಆಚೆ ದೂಡಿದರು. "ಅಂದ್ರ ನನ್ನ ಮಗನ್ನ ನಾನೇ ಉಪಾಸ ಕೆಡವೀನೇನು?"

ಹೌದು ಎನ್ನಲು ನನಗೆ ಬಾಯಿ ಬರಲಿಲ್ಲ. ಕಾನ್ವೆಂಟಿನ ಸಿಸ್ಟರುಗಳು ಮೆಲ್ಲಗೆ ಮಾತಾಡುವುದನ್ನಷ್ಟೇ ಕಲಿಸಿದ್ದರು. ಇವರು ತಾಯಿಯ ಮುಖ ನೋಡಿ ಗಂಜಿಯನ್ನೇ ಎಳೆದುಕೊಂಡರು.

ಈಗ ಮಧ್ಯಾಹ್ನ ಅತ್ತೆ ಅಡ್ಡಾದ ಮೇಲೆ ಮೊಟ್ಟೆ ಬೇಯಿಸುತ್ತೇನೆ. ಇವರು ಅಡಿಗೆಮನೆಯ ಬಾಗಿಲ ಹಿಂದೆ ನಿಂತು, ಆಚೆ ಕಿವಿಯಿಟ್ಟು ನುಂಗುತ್ತಾರೆ. ಸಿಪ್ಪೆಯನ್ನು ಕಾಗದದಲ್ಲಿ ಸುತ್ತಿ ಪಕ್ಕದ ಬೀದಿಯಲ್ಲಿ ಎಸೆದು ಬರುತ್ತೇನೆ. ಮೊನ್ನೆ ಇವರು ಯಾರ ಕೈಯನ್ನೂ ಹಿಡಿಯದೆ ಕುರ್ಚಿಯಿಂದ ಎದ್ದರು.

"ನೋಡ್ರಿ, ನನ್ನ ಗಂಜಿ ಗುಣ," ಎಂದು ಅತ್ತೆ ಬಂದವರಿಗೆಲ್ಲ ಹೇಳುತ್ತಾರೆ. ಇವರು ಹೌದೆಂದು ತಲೆಯಾಡಿಸುತ್ತಾರೆ.