ನಿಂಬೆವ್ವನ ನಡೆದಾಡುವ ಕೋಣೆ

ಕೋಳಿ ಕೂಗುವ ಮೊದಲೇ ನಿಂಬೆವ್ವ ಜೋಳ ಬೀಸುತ್ತಿದ್ದಳು, ಅಂಗಳ ಸಾರಿಸುತ್ತಿದ್ದಳು, ಬಾವಿಯಿಂದ ನೀರು ತರುತ್ತಿದ್ದಳು, ಎಮ್ಮೆ ಹಿಂಡುತ್ತಿದ್ದಳು, ರೊಟ್ಟಿ ಬಡಿದು ಬುಟ್ಟಿ ತುಂಬುತ್ತಿದ್ದಳು, ಸ್ಪಿರಿಟ್ಟಿನಲ್ಲಿ ಕರಗಿದ ಅರಗನ್ನು ಸೋಸಿ ಪಾಲಿಶ್ ಸಿದ್ಧಮಾಡುತ್ತಿದ್ದಳು. ಆಮೇಲೆ ಅವಳ ಗಂಡ, ಚೌಡಾಪುರದ ಬಡಿಗೇರ ಮೌನೇಶಪ್ಪ, ಎದ್ದು ಆಕಳಿಸಿ, "ಭಾಳ ಕೆಲಸ ಐತಿ ಇವತ್ತ" ಎನ್ನುತ್ತಿದ್ದ.

ಸೊಳ್ಳೆಗೆ ಔಷಧ ಹೊಡೆಯುವ ಪಂಪಿನಿಂದ ಪಾಲಿಶ್ ಹೊಡೆದರೆ ಕಟ್ಟಿಗೆ ಕನ್ನಡಿಯಾಗುತ್ತದೆಂದು ಕಂಡುಹಿಡಿದವಳು ನಿಂಬೆವ್ವನೇ. ಆದರೆ ಪಾಲಿಶ್ ಹಸಿಯಿರುವಾಗಲೇ ಅತ್ತೆ ಕಾಳವ್ವ "ಅಂಗಳ ಗುಡಸಬೇ" ಎಂದು ಕೂಗುತ್ತಿದ್ದಳು. ನಿಂಬೆವ್ವ ಎಬ್ಬಿಸಿದ ಧೂಳು ನಿಂಬೆವ್ವನ ಪಾಲಿಶಿನ ಮೇಲೆಯೇ ಕೂರುತ್ತಿತ್ತು. ಗೌಡರ ತೊಟ್ಟಿಲಿಗೆ ಕೋಳಿಪುಕ್ಕ ಅಂಟಿದ ದಿನ ಮೌನೇಶಪ್ಪ ಹೇಳಿಬಿಟ್ಟ: "ಇನ್ನೊಮ್ಮೆ ಏನರ ಅಂಟಿತಂದ್ರ ಪಂಪ ಕಸ್ಕೊಂತೇನಿ. ಒಲಿ ಮುಂದ ಕುಂದ್ರು."

ಒಲೆಯ ಮುಂದೆ ಕೂತು ಕೂತು ಅವಳಿಗೆ ಸಾಕಾಗಿತ್ತು. ಪಂಪು ಮಾತ್ರ ಸಾಕಾಗಿರಲಿಲ್ಲ.

ನಾಲ್ಕು ಬಿದಿರಿನ ಗಳ ಕಟ್ಟಿ, ಸುತ್ತ ಹಳೆಯ ಸೀರೆ ಹೊಲಿದು, ಬೆಳಕು ಬರಲೆಂದು ನೆತ್ತಿಗೆ ಗಂಡನ ಧೋತರ ಬಿಗಿದಳು. ಬೇಕಾದಲ್ಲಿ ಎತ್ತಿಡುವ ಕೋಣೆ. ಸೀರೆಗೆ ನೀರು ಚಿಮುಕಿಸಿದರೆ ಧೂಳು ಹೊರಗೇ ಅಂಟಿಕೊಳ್ಳುತ್ತಿತ್ತು.

"ಗಂಡನ ಧೋತರ ತಲಿ ಮ್ಯಾಲೇನ!" ಅತ್ತೆ ಗಲ್ಲ ಬಡಿದುಕೊಂಡಳು.

"ಗಂಡನ್ನ ತಲಿ ಮ್ಯಾಲ ಇಟ್ಕೋ ಅಂತ ನೀವ ಹೇಳಿದ್ರಲ್ಲರಿ ಅತ್ತಿ."

ಆಗಲೇ ಅಫಜಲಪುರದ ಯಾಕೂಬಸಾಬರಿಂದ ಕರೆ ಬಂತು. ಮೌನೇಶಪ್ಪ ಮಾಡಿಕೊಟ್ಟ ಕಪಾಟಿಗೆ ಪಾಲಿಶ್ ಆಗಬೇಕು. ಕಪಾಟು ಜನಾನಾದಲ್ಲಿದೆ, ಹೆಂಗಸರಿರುವ ಆ ಭಾಗಕ್ಕೆ ಮೌನೇಶಪ್ಪ ಕಾಲಿಡುವಂತಿಲ್ಲ; ನಿಂಬೆವ್ವನೇ ಹೋಗಬೇಕು.

ಅಫಜಲಪುರದ ಸಂತೆಯ ಬಳಿ ಗಾಡಿ ಇಳಿದಾಗ ಗಾಳಿ ಜೋರಾಗಿತ್ತು, ಕೋಣೆ ಹಾರಿಹೋಗುವಂತಿತ್ತು. ನಿಂಬೆವ್ವ ಒಳಹೊಕ್ಕು, ಗಳ ಹಿಡಿದು, ಕೋಣೆಯ ಸಮೇತ ನಡೆದಳು.

ಸಂತೆ ಇಬ್ಭಾಗವಾಯಿತು. ಪರದೆ ಕಂಡ ಗಂಡಸರು ಗೋಡೆಗೆ ಮುಖ ತಿರುಗಿಸಿದರು. ಎತ್ತ ನೋಡಬೇಕೆಂದು ತಿಳಿಯದ ಅಂಗಡಿಯವನೊಬ್ಬ ಬೆಲ್ಲದ ಪೆಂಟೆಗೆ ಸಲಾಮು ಮಾಡಿದ.

"ಯಾರ ಮನಿ ಬೇಗಂರಿ?" ಬದನೆಕಾಯಿ ಮಾರುವ ಪೀರಬಿ ಬಗ್ಗಿ ನೋಡಿದಳು. "ಕಾಲಾಗ ಚಪ್ಪಲಿ ಇಲ್ಲಲ್ಲ!"

"ದೊಡ್ಡವ್ರಬೇ, ಏನರ ಹರಕಿ ಇರತೈತಿ," ಎಂದಳು ಪಕ್ಕದವಳು.

ಚೀಲ, ಗಡಿಗೆ ಹೊತ್ತು ಹಿಂದೆ ಬರುತ್ತಿದ್ದ ಮೌನೇಶಪ್ಪನನ್ನು ಎಲ್ಲರೂ ಬೇಗಮ್ಮಳ ಆಳೆಂದು ತಿಳಿದರು.

ಜನಾನಾದಲ್ಲಿ ಕಪಾಟಿನ ಸುತ್ತ ಕೋಣೆ ನಿಂತಿತು. ಪಾಲಿಶ್ ಆರಿದ ಮೇಲೆ ಯಾಕೂಬಸಾಬರ ಹೆಂಡತಿ ನಜಮುನ್ನಿಸಾ ಕಪಾಟಿನ ಬಾಗಿಲಲ್ಲಿ ಮುಖ ನೋಡಿಕೊಂಡು ಕಣ್ಣಿನ ಸುರ್ಮಾ ತಿದ್ದಿಕೊಂಡಳು. ಒಂದು ಕಣ ಧೂಳಿರಲಿಲ್ಲ.

ಯಾಕೂಬಸಾಬರ ಹೊಗಳಿಕೆಯೆಲ್ಲ ಹೊರಗೆ ಕೂತಿದ್ದ ಮೌನೇಶಪ್ಪನಿಗೆ ಸಿಕ್ಕಿತು. ಮತ್ತೆ ಕೋಣೆಯೊಳಗೆ ನಡೆಯುತ್ತಿದ್ದ ನಿಂಬೆವ್ವನೊಡನೆ ವಾಪಸು ಸಂತೆಗೆ ಬಂದಾಗ ಅವನು ಪರದೆಗೆ ಬಾಯಿಟ್ಟು ಹೇಳಿದ: "ಹೆಸರ ಬಂತು ನೋಡು. ಇನ್ನ ಪಂಪ ನಾನ ಹೊಡಿತೇನಿ. ಇಲ್ಲಿ ತಾ. ನೀ ಹೊರಗ ಬಂದು ಚೀಲ ಹೊರು." ಹೇಳುತ್ತಲೇ ಸೀರೆಯೊಳಗೆ ಕೈ ತೂರಿಸಿದ.

"ಏ ಬದ್ಮಾಷ್! ಬೇಗಂ ಸಾಹೇಬರ ಪರದೆದಾಗ ಕೈ ಹಾಕ್ತೀಯೇನಲೇ?" ಗೋಡೆಗೆ ಅರ್ಧ ಮುಖವಿಟ್ಟಿದ್ದ ಪೊಲೀಸ್ ಜವಾನ ಉಳಿದರ್ಧದಿಂದ ಗದರಿದ.

"ಆಕಿ ನನ್ನ ಹೆಂಡ್ತಿರಿ ಸಾಹೇಬ್ರ!"

"ನಿನ್ನ ಮಾರಿಗೆ ಬೇಗಂ ಬ್ಯಾರೆ ಬೇಕೇನಲೇ?"

"ಏ ನಿಂಬೀ, ಹೌದಂತ ಹೇಳಬೇ!"

ಸಂತೆ ಕಿವಿಯಾಯಿತು. ಒಂದೇ ಒಂದು "ಹೌದ್ರಿ" ಸಾಕಿತ್ತು. ಧೋತರದಿಂದ ಸೋಸಿ ಬಂದ ಬೆಳಕಿನಲ್ಲಿ ನಿಂಬೆವ್ವ ಕೈಯಲ್ಲಿದ್ದ ಪಂಪನ್ನು ನೋಡಿದಳು. ಅವಳನ್ನು ಯಾರೂ ನೋಡುತ್ತಿರಲಿಲ್ಲ.

ಪಂಪನ್ನು ಸೊಂಟಕ್ಕೆ ಸಿಕ್ಕಿಸಿ, ಬೇಗಮ್ಮರು ಹೇಗೆ ಕೆಮ್ಮಬಹುದೋ ಹಾಗೆ ಸಣ್ಣಗೆ ಕೆಮ್ಮಿ, ಗಳ ಎತ್ತಿಕೊಂಡು ಚೌಡಾಪುರದ ದಾರಿ ಹಿಡಿದಳು.