ಹೊಸ್ತಿಲು ಒಣಗೈತಲ್ಲ

ಹೊಸ ಬಾಡಿಗೆ ಮನೆಯ ಹೊಸ್ತಿಲಿಗೆಂದು ನಮ್ಮೆಜಮಾನರು ಚನ್ನಗಿರಿ ಪೇಟೆಯಿಂದ ಸ್ಟಿಕ್ಕರ್ ರಂಗೋಲಿ ತಂದರು. ಕೆಂಪು ಕಮಲ, ಹಳದಿ ಎಲೆ, ನಡುವೆ ಎರಡು ಪುಟ್ಟ ಪಾದ. ಹಿಂದಿನ ಕಾಗದ ಬಿಡಿಸುತ್ತಲೇ ಗೋಂದಿನ ವಾಸನೆ ಮೂಗಿಗೆ ಬಡಿಯಿತು. ಅಂಟಿಸಲಾಗದೆ ಅದನ್ನು ಹಿಡಿದುಕೊಂಡೇ ಬಾಗಿಲಲ್ಲಿ ಕುಳಿತೆ. ಎದುರುಮನೆ ಅತ್ತೆ ನೆನಪಾಗಿದ್ದರು…

ಸಂಬಂಧದಲ್ಲಿ ಅತ್ತೆಯೇನಲ್ಲ. ಬಸವಾಪಟ್ಟಣದಲ್ಲಿ ನನ್ನ ತವರುಮನೆಯ ಎದುರಿಗೆ ಒಬ್ಬರೇ ಇದ್ದು ರವಿಕೆ ಹೊಲಿಯುತ್ತಿದ್ದರು, ಓಣಿಗೆಲ್ಲ ಅತ್ತೆ. ಬೆಳಗ್ಗೆ ತಮ್ಮ ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟರೆಂದರೆ, ಚೊಂಬು ಹಿಡಿದುಕೊಂಡೇ ಓಣಿಯ ತುದಿಯವರೆಗೆ ಒಂದು ಸುತ್ತು ಹೊರಡುವರು. ಯಾರ ಮನೆಯ ಮುಂದೆ ನೀರು ಬಿದ್ದಿಲ್ಲವೋ ಅಲ್ಲಿ ನಿಂತು ಬಾಗಿಲು ತಟ್ಟುವರು.

"ಯಾಕ್ರವ್ವಾ, ಹೊಸ್ತಿಲು ಒಣಗೈತಲ್ಲ? ಎಲ್ರೂ ಹುಷಾರಾಗಿದೀರಾ?"

ತಡವಾಗಿ ಎದ್ದ ಸೊಸೆಯರು ಕೆದರಿದ ತಲೆಯಲ್ಲೇ ಓಡಿಬರುತ್ತಿದ್ದರು. ಒಳಗಿಂದ ಅವರ ಅತ್ತೆಯರ ಗೊಣಗಾಟ ಶುರುವಾಗುತ್ತಿತ್ತು. ಹಾಗಾಗಿ ಓಣಿಯ ಸೊಸೆಯರಿಗೆಲ್ಲ ಇವರನ್ನು ಕಂಡರೆ ಅಷ್ಟಕ್ಕಷ್ಟೆ. ಹೊಸ್ತಿಲು ಇನ್ಸ್‌ಪೆಕ್ಟರ್ ಎಂದು ಹೆಸರಿಟ್ಟಿದ್ದರು. ಅತ್ತೆಗೆ ಅದು ಗೊತ್ತಿತ್ತು, ನಕ್ಕುಬಿಡುತ್ತಿದ್ದರು.

ನಾನು ಪಿಯುಸಿಯಲ್ಲಿದ್ದಾಗ ಮೂಲೆ ಮನೆಗೆ ಹೊಸ ಸಂಸಾರ ಬಂದಿತ್ತು. ಒಂದು ಬೆಳಗ್ಗೆ ಆ ಮನೆಯ ಹೊಸ್ತಿಲು ಒಣಗಿತ್ತು. ಗಂಡ ಊರಲ್ಲಿರಲಿಲ್ಲ. ಅತ್ತೆ ತಟ್ಟಿದರು, ಕೂಗಿದರು. ಒಳಗೆ ಸದ್ದಿಲ್ಲ. ಸೇರಿದ ನಾಲ್ಕು ಜನ ಹಿಂದೆ ಹಿಂದೆ ಸರಿಯತೊಡಗಿದರು. "ಮಲಗಿರಬೇಕು ಬಿಡ್ರೀ. ನಾಳೆ ಏನಾರ ಆದ್ರೆ ಪೊಲೀಸು ಗಿಲೀಸು… ನಮಗ್ಯಾಕೆ ಬೇಕು?"

"ನಮಗಲ್ದೆ ಇನ್ಯಾರಿಗೆ ಬೇಕಾಗೈತೆ?" ಎಂದ ಅತ್ತೆ ಹಾರೆ ತರಿಸಿ ಚಿಲಕ ಮೀಟಿಸಿದರು. ಬಸುರಿ ಹೆಂಗಸು ಅಡುಗೆಮನೆಯಲ್ಲಿ ಪ್ರಜ್ಞೆ ಇಲ್ಲದೆ ಬಿದ್ದಿದ್ದಳು. ತಾಯಿ, ಮಗು ಇಬ್ಬರೂ ಉಳಿದರು. ನಾನೂ ಜೊತೆಗೆ ಹೋಗಿದ್ದೆ, ಆಸ್ಪತ್ರೆಯಿಂದ ಬರುವಾಗ ಬಸ್ಸಿನಲ್ಲಿ ಅತ್ತೆ ನನ್ನ ಕೈ ಬಿಡಲೇ ಇಲ್ಲ. ನಿಮಗೆ ಭಯ ಆಗಲಿಲ್ಲವೇ ಎಂದು ಕೇಳಿದೆ.

"ದಿನಾ ಆಗ್ತೈತೆ ಕಣವ್ವ. ತಟ್ಟಿದ ಮ್ಯಾಲೆ ಒಳಗಿಂದ ಯಾರೂ ಓ ಅನ್ನದಿದ್ರೆ ಹೆಂಗೆ ಅಂತ."

ನಾನು ಮದುವೆಯಾಗಿ ಸವಳಂಗಕ್ಕೆ ಹೋದೆ. ಅತ್ತೆ ಊರಾಚೆಯ ಹೊಸ ಬಡಾವಣೆಗೆ ಮನೆ ಬದಲಾಯಿಸಿದರು. ಮಂಡಿನೋವು, ಬಗ್ಗಲಾಗದು. ಪಾಪ ಎಂದುಕೊಂಡ ಮನೆ ಮಾಲೀಕರೇ ಅವರ ಹೊಸ್ತಿಲಿಗೆ ಸ್ಟಿಕ್ಕರ್ ರಂಗೋಲಿ ಅಂಟಿಸಿಕೊಟ್ಟರಂತೆ. ಒಂದು ಬೆಳಗ್ಗೆ ಅತ್ತೆ ಬಚ್ಚಲಲ್ಲಿ ಜಾರಿಬಿದ್ದರು. ಹೊರಗೆ ಕಮಲ ಅರಳಿಕೊಂಡೇ ಇತ್ತು. ನೋಡಿದವರು ನೋಡಿಕೊಂಡು ಹೋದರು. ಮಾರನೆಯ ದಿನ ಬಾಗಿಲು ಒಡೆಯುವ ಹೊತ್ತಿಗೆ ಜೀವ ಹೋಗಿತ್ತು. ಬೇಗ ಗೊತ್ತಾಗಿದ್ದರೆ ಉಳಿಯುತ್ತಿದ್ದರು ಎಂದರು ಡಾಕ್ಟರು. ಸೂತಕದ ಮನೆಯ ಮುಂದೆ ರಂಗೋಲಿ ಇರಬಾರದು. ಅತ್ತೆಯನ್ನು ಹೊರಗೆ ತಂದಾಗಲೂ ಆ ಕಮಲ ಹೊಳೆಯುತ್ತಿತ್ತು, ಕಿತ್ತರೂ ಬರಲಿಲ್ಲ…

ನಾನು ಸ್ಟಿಕ್ಕರನ್ನು ಮಡಚಿ ಕಸಕ್ಕೆ ಹಾಕಿದೆ. ಕೈಯಲ್ಲೇ ರಂಗೋಲಿ ಬಿಡತೊಡಗಿದೆ. ಆದರೂ ಒಂದು ಹೆದರಿಕೆ ಒಳಗೇ ಕೊರೆಯುತ್ತಿತ್ತು. ಕಳೆದ ವಾರ ಒಂದು ದಿನ ಬೇಕೆಂದೇ ನೀರು ಹಾಕಲಿಲ್ಲ. ಫೋನ್ ಬಂದ್ ಮಾಡಿ ಬಾಗಿಲ ಹಿಂದೆ ಕುಳಿತೆ. ಕಸದ ಗಾಡಿ ಬಂತು, ಸ್ಕೂಲ್ ವ್ಯಾನ್ ಹೋಯಿತು, ಚಪ್ಪಲಿಗಳು ಸರಬರ ದಾಟಿಹೋದವು. ಒಂದೊಂದು ಸಪ್ಪಳಕ್ಕೂ ಈಗ ತಟ್ಟುತ್ತಾರೆ, ಈಗ ತಟ್ಟುತ್ತಾರೆ ಎಂದು ಬಾಗಿಲಿಗೆ ಕಿವಿಗೊಡುತ್ತಿದ್ದೆ. ಯಾರೂ ತಟ್ಟಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನನ್ನದೇ ಮನೆಯ ಬಚ್ಚಲಿಗೆ ಕಾಲಿಡಲು ಹೆದರಿಕೆಯಾಯಿತು. ಸಂಜೆ ಕೆಲಸದಿಂದ ಬಂದ ನಮ್ಮೆಜಮಾನರೂ ಆ ಒಣ ಹೊಸ್ತಿಲನ್ನೇ ದಾಟಿ ಬಂದು, "ಏನ್ ಸಾರು?" ಎಂದರು.

ಮಾರನೆಯ ಬೆಳಗ್ಗೆ ನನ್ನ ರಂಗೋಲಿ ಮುಗಿಸಿ ತಲೆಯೆತ್ತಿದರೆ, ಪಕ್ಕದ ಮನೆಯ ಹೊಸ್ತಿಲಿಗೆ ನೀರು ಬಿದ್ದಿರಲಿಲ್ಲ. ಅಲ್ಲಿರುವವರ ಮುಖವೂ ನನಗೆ ಸರಿಯಾಗಿ ಗೊತ್ತಿಲ್ಲ. ಚೊಂಬು ಹಿಡಿದುಕೊಂಡೇ ಹೋದೆ. ಬೆರಳು ಬಾಗಿಲ ಹತ್ತಿರ ಹೋಗಿ ನಿಂತುಬಿಟ್ಟಿತು. ಒಳಗಿಂದ ಯಾರೂ ಓ ಅನ್ನದಿದ್ದರೆ…

ತಟ್ಟಿದೆ. ಬಹಳ ಹೊತ್ತು ಏನೂ ಇಲ್ಲ. ಮತ್ತೆ ತಟ್ಟಿದೆ.

"ಯಾರ್ರೀ? ಏನ್ ಬೇಕಾಗಿತ್ತು?" ಒಂದು ಹೆಣ್ಣುದನಿ. ಅದೂ ಹೆದರಿತ್ತು.

"ಏನೂ ಬೇಡ್ರವ್ವಾ. ಹೊಸ್ತಿಲು ಒಣಗೈತಲ್ಲ ಅಂತ… ಹುಷಾರಾಗಿದೀರಾ?"

"ಹೂಂ."

ಬಾಗಿಲು ತೆರೆಯಲಿಲ್ಲ. ಆದರೆ ಒಳಗೆ ಒಬ್ಬಳು ಬದುಕಿದ್ದಾಳೆ ಎಂದು ಗೊತ್ತಾಯಿತು. ಚೊಂಬಿನಲ್ಲಿದ್ದ ನೀರನ್ನು ಅವಳ ಹೊಸ್ತಿಲಿಗೆ ಹಾಕಿ ತಿರುಗಿದೆ. ಅಳು ಬಂತು. ಅತ್ತೆ ಜಾರಿಬಿದ್ದ ಆ ಬೆಳಗ್ಗೆ ಅವರ ಬಾಗಿಲಲ್ಲಿ ಇಷ್ಟನ್ನು ಕೇಳುವವರು ಯಾರೂ ಇರಲಿಲ್ಲ.